ಹುತ್ರಿದುರ್ಗದ ಕೆಳಗೆ ಒಂದು ಬಾಣಂತನ

ಗೆಳೆಯರೇ, ಕಾಡಿನ ಮರಕುಟಿಗ ಹುಡುಕಲು ಬೆಳಿಗ್ಗೆ ಹುತ್ರಿದುರ್ಗ ಹತ್ತಿ, ಏನೂ ಕಾಣದೆ ಇಳಿದೆ. ಕೆಳಗಿನ ತೋಟದಲ್ಲಿ, ಸುಳಿ ಕೊಳೆತು ಸತ್ತ ತೆಂಗಿನ ಮರದ ಮುಂದೆ ಗರಗಸದವನಿಗೂ ತೋಟದ ಅಜ್ಜಿಗೂ ಜಗಳ.

"ಕುಯ್ಯಕ್ಕೆ ನೀನೇ ತಾನೆ ಕರ್ಸಿದ್ದು ಅಜ್ಜಿ?"

"ಪೊಟರೇಲಿ ಮರಿ ಅವೆ ಕಣ್ಲಾ. ಬಾಣಂತಿ ಇರೋ ಮನೆ ಯಾರಾನಾ ಕೆಡವ್ತಾರಾ?"

ಅಷ್ಟರಲ್ಲಿ ಹೊಂಬೆನ್ನಿನ ಮರಕುಟಿಗವೊಂದು ಗುಟುಕು ಕೊಡಲು ಬಂತು. ನಾನು ತಿಳಿದವನಂತೆ, "ಅದೇ ತಾಯಿ" ಎಂದೆ.

"ನೆತ್ತಿಯೆಲ್ಲಾ ಕೆಂಪಗೈತೆ, ಗಂಡು ಕಣಪ್ಪ. ಹೆಣ್ಣಿಗೆ ಹಣೆ ಮೇಲೆ ಬಿಳಿ ಚುಕ್ಕೆ ಇರ್ತವೆ."

ಚೀಲದಿಂದ ಪಕ್ಷಿಗಳ ಪುಸ್ತಕ ತೆಗೆದು ನೋಡಿದೆ. ಅಜ್ಜಿ ಹೇಳಿದ್ದೇ ಸರಿ.

"ಗಂಡ ಬಾಣಂತನ ಮಾಡೋ ಮನೆ ಈ ಊರಲ್ಲಿ ಇದೊಂದೇ. ಇದನ್ನೂ ಬೀಳಿಸ್ಬೇಕಾ?" ಎಂದರು ಅಜ್ಜಿ.

ಗರಗಸದವನೂ ನಾನೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಮದುವೆಯಾಗಿದೆ.