ಒಂದು ಕಪ್ಪಿನ ಬಾವಿ

ಕಳೆದ ಮಂಗಳವಾರ ಬೆಳಿಗ್ಗೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಡೆದ ಚರಂಡಿಯನ್ನು ದುರಸ್ತಿ ಮಾಡಿದ ಕೆಲಸಗಾರರು ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋದರು. ನನ್ನ ಮನೆ ಆ ಓಣಿಯಲ್ಲಿದೆ. ಬಾಗಿಲು ಹಾಕಿದರೂ ವಾಸನೆ ಒಳಗೆ ಬಂತು. ಕುಡಿಯುತ್ತಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ.

ನರ್ಸಬಾಯಿಯ ಚೀಲದಿಂದ ಇದೇ ವಾಸನೆ ಬರುತ್ತಿತ್ತು... ಅವರು ಟಿಕೋಟಾದವರು. ಬಬಲೇಶ್ವರದ ಆಚೆಯ ಒಂದು ಹಳ್ಳಿಯಲ್ಲಿ ಆರೋಗ್ಯ ಸಹಾಯಕಿಯಾಗಿದ್ದರು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಾನು ಪತ್ರಿಕೆಗೆ ಸೇರಿ ವರ್ಷ ತುಂಬಿರಲಿಲ್ಲ. ಮಳೆಗಾಲದ ಕುಡಿಯುವ ನೀರಿನ ಬಗ್ಗೆ ಬರೆಯಲು ಆ ಊರಿಗೆ ಹೋದಾಗ ಅವರು ಬಾವಿಗೆ ಪುಡಿ ಹಾಕಲು ಹೊರಟಿದ್ದರು.

ನೀರು ಸೇದುತ್ತಿದ್ದ ಹೆಣ್ಣುಮಗಳೊಬ್ಬಳು, "ಏನ್ರಿ ನರ್ಸಬಾಯಿ, ಈಗ ಬಾವಿಗೂ ಸೂಜಿ ಮಾಡ್ತೀರೇನು?" ಎಂದಳು.

"ಹೂಂ ಬೇ. ಟೊಂಕಕ್ಕ ಮಾಡ್ಲೋ ರಟ್ಟಿಗೆ ಮಾಡ್ಲೋ ತಿಳೀವಲ್ದು," ಎಂದರು ನರ್ಸಬಾಯಿ, ನಗದೆ.

ಅವರ ಚೀಲದಲ್ಲಿ ಹಿಡಿಕೆ ಮುರಿದ ಚಹಾ ಕಪ್ ಇತ್ತು. ಈ ಬಾವಿಗೆ ಒಂದು ಕಪ್ ಎಂದು ಹಿಂದೆ ಆ ಕೆಲಸದಲ್ಲಿದ್ದವರು ಹೇಳಿಕೊಟ್ಟಿದ್ದರಂತೆ. ಅಂದಾಜಿನ ಮೇಲೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಲೆಕ್ಕ ಹಾಕೋಣ ಎಂದೆ. ಮೀಟರಿಗೊಂದು ಗಂಟು ಹಾಕಿದ ಹಗ್ಗ ಅವರ ಹತ್ತಿರವೇ ಇತ್ತು. ಈ ದಂಡೆಯಿಂದ ಆ ದಂಡೆಗೆ ನಾಲ್ಕು ಮೀಟರ್. ಕಲ್ಲು ಕಟ್ಟಿ ಇಳಿಬಿಟ್ಟಾಗ ನೀರು ಐದು ಮೀಟರ್. ಟಿಪ್ಪಣಿ ಪುಸ್ತಕದಲ್ಲಿ ಗುಣಿಸಿದೆ. ಎರಡೂವರೆ ಲಕ್ಷ ಲೀಟರ್ ನೀರು, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ. ಒಟ್ಟು ಆರುನೂರು ಗ್ರಾಂ ದಾಟಿತು. ಅವರ ಕಪ್ಪಿನಲ್ಲಿ ಅಳೆದರೆ ನಾಲ್ಕು.

"ನಾಕ? ನಾ ಒಂದ ಹಾಕ್ಕೋಂತ ಬಂದೀನ್ರಿ."

"ಅದಕ್ಕ ನೋಡ್ರಿ ಬಾಯಾರ, ನೀರಾಗಿನ ಹುಳಾ ನಿಮ್ಮನ್ನ ನೋಡಿ ನಗತಾವ," ಎಂದೆ.

"ನೀವು ಕಲ್ತವ್ರು. ನಾಕ ಅಂದ್ರ ನಾಕ."

ಹಾಕಿದರು. ನಾನು ಫೋಟೊ ತೆಗೆದೆ.

ಮರುದಿನ ಆ ನೀರನ್ನು ಬಾಯಿಗೆ ಹಾಕಲು ಆಗಲಿಲ್ಲ. ಜನ ಕೊಡ ಹೊತ್ತು ಹಳ್ಳದ ಒರತೆಗೆ ಹೋದರು. ಅದಕ್ಕೆ ಯಾರೂ ಪುಡಿ ಹಾಕಿರಲಿಲ್ಲ. ನಾಲ್ಕನೆಯ ದಿನ ಊರಿನಲ್ಲಿ ವಾಂತಿ-ಭೇದಿ ಶುರುವಾಯಿತು. ಬಾವಿಗೂ ಸೂಜಿ ಮಾಡ್ತೀರೇನು ಎಂದು ಕೇಳಿದ್ದ ಹೆಣ್ಣುಮಗಳು ವಿಜಯಪುರದ ಆಸ್ಪತ್ರೆಗೆ ತರುವ ದಾರಿಯಲ್ಲಿ ತೀರಿಕೊಂಡಳು.

ಸುದ್ದಿ ಕಳಿಸುವ ಮೊದಲು ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು ಎಂಬುದು ನಮ್ಮಲ್ಲಿ ನಿಯಮ. ನೋಡಿದೆ. ದುಂಡನೆಯ ಬಾವಿಯ ನೀರನ್ನು ಲೆಕ್ಕ ಹಾಕುವಾಗ ವ್ಯಾಸವನ್ನು ಮೊದಲು ಅರ್ಧ ಮಾಡಬೇಕು. ಆ ಅರ್ಧವನ್ನು ಅದರಿಂದಲೇ ಗುಣಿಸಿ, ಆಮೇಲೆ ಆಳದಿಂದ, 3.14ರಿಂದ ಗುಣಿಸಬೇಕು. ನಾನು ಅರ್ಧ ಮಾಡಿರಲಿಲ್ಲ. ಎರಡೆರಡ್ಲಿ ನಾಲ್ಕು ಬರಬೇಕಾದಲ್ಲಿ ನಾಲ್ಕ್ನಾಲ್ಕ್ಲಿ ಹದಿನಾರು ಬರೆದಿದ್ದೆ. ಆ ಬಾವಿಗೆ ಬೇಕಾಗಿದ್ದದ್ದು ಒಂದು ಕಪ್.

'ಆರೋಗ್ಯ ಸಹಾಯಕಿ ನಿಗದಿಗಿಂತ ನಾಲ್ಕು ಪಟ್ಟು ಪುಡಿ ಹಾಕಿದ್ದರಿಂದ ಗ್ರಾಮಸ್ಥರು ಒರತೆಯ ನೀರು ಕುಡಿದಿದ್ದಾರೆ' ಎಂದು ಬರೆದು ಕಳಿಸಿದೆ. ಆ ವಾಕ್ಯದಲ್ಲಿ ಸುಳ್ಳು ಪದ ಒಂದೂ ಇರಲಿಲ್ಲ.

ವಿಚಾರಣೆ ಪಂಚಾಯಿತಿ ಕಚೇರಿಯಲ್ಲಿ ನಡೆಯಿತು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದೆ. ನಾಲ್ಕು ಕಪ್ ಹಾಕಲು ಯಾರು ಹೇಳಿದರು ಎಂದು ಅಧಿಕಾರಿ ಕೇಳಿದರು. ನರ್ಸಬಾಯಿ ಎದ್ದು ನಿಂತರು.

"ಹಾಕಿದ ಕೈ ನಂದ ಐತ್ರಿ, ಸಾಹೇಬ್ರ."

ಅದನ್ನೂ ಬರೆದುಕೊಂಡೆ. ಅವರು ಅಮಾನತಾದರು. ಆಮೇಲೆ ಕನಮಡಿಯ ಕಡೆಗೆ ವರ್ಗವಾಯಿತು. ಅಂದು ಹೊರಗೆ ಹೋಗುವಾಗ ನನ್ನ ಪಕ್ಕದಿಂದಲೇ ಹಾದುಹೋದರು. ಏನಾದರೂ ಅಂದರೋ, ಇಲ್ಲವೋ... ಟಿಪ್ಪಣಿಯಲ್ಲಿ ಇಲ್ಲ.

ಈ ಗುರುವಾರ ಟಿಕೋಟಾಕ್ಕೆ ಹೋದೆ. ಅವರ ತಂಗಿ ಸಿಕ್ಕರು. ನರ್ಸಬಾಯಿ ತೀರಿಕೊಂಡು ಎರಡು ವರ್ಷವಾಗಿದೆ. ನಾನು ಯಾವ ಪತ್ರಿಕೆಯವನು ಎಂದು ತಂಗಿ ಕೇಳಿದರು. ಹೇಳಿದೆ.

"ನಮ್ಮ ಅಕ್ಕ ಅದನ್ನ ದಿನಾ ತರಸಾಕೀರಿ. ಪೂರಾ ಓದ್ತಿದ್ದಿಲ್ಲ. ಒಳಗಿನ ಪುಟದಾಗ ಕೆಳಗಿನ ಮೂಲಿ ಅಷ್ಟ ನೋಡಿ ಮಡಚಿ ಇಡಾಕಿ. ಏನ ಹುಡುಕತಿ ಅಂದ್ರ, ಏನಿಲ್ಲ ಬಿಡು ಅಂತಿದ್ಲು."

ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿಗಳು ಬರುವುದು ಒಳಪುಟದ ಕೆಳಗಿನ ಮೂಲೆಯಲ್ಲಿ. ಆ ಸುದ್ದಿಗೆ ಇದುವರೆಗೆ ತಿದ್ದುಪಡಿ ಪ್ರಕಟವಾಗಿಲ್ಲ.