ಊಟ ಎಲ್ಲಿ ಮಾಡುತ್ತಿದ್ದ?

ಮೊನ್ನೆ ಐರೋಲಿಯ ಕಾರ್ಖಾನೆಯೊಂದರ ಗೇಟು ದಾಟುತ್ತಲೇ ತೆಂಗಿನೆಣ್ಣೆಯ ಒಗ್ಗರಣೆ ವಾಸನೆ ಮೂಗಿಗೆ ಬಡಿಯಿತು. ನನ್ನ ಮೊದಲ ಸಾಹೇಬರು ನೆನಪಾದರು...

ಉಡುಪಿ ಕಡೆಯವರು, ಮನೆ ಡೊಂಬಿವಲಿಯಲ್ಲಿ. ದುಡಿಯುವ ಜಾಗದಲ್ಲಿ ಸತ್ತವರ ಲೆಕ್ಕ ಹಾಕುವುದು ನಮ್ಮ ಕೆಲಸ. ಡೊಂಬಿವಲಿಯ ಕೆಮಿಕಲ್ ಕಾರ್ಖಾನೆ, ಕಲ್ಯಾಣದ ಕಟ್ಟಡ ಕೆಲಸ, ತುರ್ಭೆಯ ಗೋದಾಮು, ಇವುಗಳಲ್ಲಿ ಜೀವಕ್ಕೆ ಅಪಾಯ ಎಲ್ಲಿ ಹೆಚ್ಚು ಎಂದು ಹೋಲಿಸಬೇಕು. ಇಂಥವರು ಸದಾ ಮುಖ ಗಂಟಿಕ್ಕಿಕೊಂಡಿರುತ್ತಾರೆ ಎಂದುಕೊಂಡಿದ್ದೆ. ಇವರೋ, ಎಲ್ಲಿಗೆ ಹೋದರೂ ಫೈಲು ಮುಟ್ಟುವ ಮೊದಲು ಕ್ಯಾಂಟೀನಿಗೆ ನುಗ್ಗುತ್ತಿದ್ದರು.

“ಎಷ್ಟು ಜನ ಸತ್ರು ಅನ್ನುದು ಅರ್ಧ ಲೆಕ್ಕ ಮಾರಾಯ್ತಿ. ಎಷ್ಟು ಜನ ದುಡಿತಾರೆ ಅಂತ್ಲೂ ಗೊತ್ತಾಗ್ಬೇಕಲ್ಲ? ಅದು ಅಡುಗೆಯವನಿಗೆ ಸರಿಯಾಗಿ ಗೊತ್ತುಂಟು,” ಎನ್ನುತ್ತಾ ಎರಡನೇ ಸಲ ಪಲ್ಯ ಹಾಕಿಸಿಕೊಳ್ಳುತ್ತಿದ್ದರು. ಇದೆಲ್ಲ ತಿನ್ನುವುದಕ್ಕೊಂದು ನೆವ ಎಂದೇ ನನ್ನ ಗುಮಾನಿ. ಅವರ ಹೊಟ್ಟೆ ನೋಡಿದ ಯಾರಿಗೂ ಹಾಗೇ ಅನಿಸುತ್ತಿತ್ತು.

ಒಂದು ವರ್ಷ ತುರ್ಭೆಯ ಗೋದಾಮೊಂದು ತಮ್ಮಲ್ಲಿ ಸಾವೇ ಇಲ್ಲವೆಂದು ಬರೆದುಕೊಟ್ಟು, ಸುರಕ್ಷತೆಯ ಶೀಲ್ಡಿಗಾಗಿ ಕಾದು ಕೂತಿತ್ತು. ಅಲ್ಲಿ ಊಟ ಬಡಿಸುತ್ತಿದ್ದವನು ಪಕ್ಕದ ಬೆಂಚು ತೋರಿಸಿ, ದಿನಾ ಅಲ್ಲಿ ಕೂರುತ್ತಿದ್ದ ಹಮಾಲನೊಬ್ಬ ಮಳೆಗಾಲದಲ್ಲಿ ಲಾರಿಗೆ ಮೂಟೆ ಏರಿಸುವಾಗ ಕಟ್ಟೆಯಿಂದ ಬಿದ್ದು ಸತ್ತ ಎಂದ. ಸಾಹೇಬರು ತಟ್ಟೆ ಬಿಟ್ಟೆದ್ದು ಮ್ಯಾನೇಜರನ್ನು ಕರೆಸಿದರು.

ಅವನು ತಮ್ಮವನಲ್ಲ, ಗುತ್ತಿಗೆದಾರನ ಆಳು ಎಂದು ಮ್ಯಾನೇಜರು ವಾದಿಸಿದರು.

“ಖಾನಾ ಕಹಾಂ ಖಾತಾ ಥಾ?” ಸಾಹೇಬರು ಕೇಳಿದರು.

“ಯಹೀಂ...”

“ಫಿರ್ ಆಪ್ ಕಾ ಹೀ ಹೈ.”

ಇಲ್ಲೇ ಉಣ್ಣುವವರು ಗೋದಾಮಿನವರೇ ಎಂದು ಸತ್ತವನನ್ನೂ ಅವನ ಜೊತೆಯ ಹಮಾಲರನ್ನೂ ಸೇರಿಸಿ ಲೆಕ್ಕ ಹಾಕಿದೆವು. ಶೀಲ್ಡು ಕೈತಪ್ಪಿತು, ಮ್ಯಾನೇಜರು ಕೆಂಡಾಮಂಡಲವಾದರು. ಆದರೆ ಮರುವರ್ಷ ಹೋದಾಗ ಆ ಕಟ್ಟೆಗೆ ಕಬ್ಬಿಣದ ಕಂಬಿ ಬಂದಿತ್ತು. ಸಾಹೇಬರು ಅದನ್ನು ಹಿಡಿದು ಅಲ್ಲಾಡಿಸಿ ನೋಡಿ, “ಗಟ್ಟಿ ಉಂಟು. ಇನ್ನು ಊಟ ಮಾಡುವ,” ಎಂದರು. ಆವತ್ತು ಅವರು ಉಂಡ ಖುಷಿ ನೋಡಿ ಅಡುಗೆಯವನೇ ಹೊರಗೆ ಬಂದು ನಿಂತಿದ್ದ.

ಹೋದ ವರ್ಷ ತೀರಿಕೊಂಡರು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ.

ಮೊನ್ನೆ ಗೇಟಿನಲ್ಲಿ ನನ್ನ ಜೊತೆಗಿದ್ದ ಹೊಸ ಸಹೋದ್ಯೋಗಿ, ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಗುತ್ತಿಗೆದಾರನ ಆಳುಗಳನ್ನೂ ಎಣಿಸಬೇಕೇ ಎಂದು ಹಿಂದಿಯಲ್ಲಿ ಕೇಳಿದಳು: “ಮ್ಯಾಡಮ್, ಠೇಕೇದಾರ್ ಕೇ ಲೋಗೋಂ ಕೋ ಭೀ ಗಿನ್ನಾ ಹೈ ಕ್ಯಾ?”

“ಮೊದ್ಲು ಕ್ಯಾಂಟೀನಿಗೆ ಹೋಗೋಣ ಬಾರೇ,” ಎಂದೆ.

ಪಲ್ಯ ಚೆನ್ನಾಗಿತ್ತು. ಎರಡನೇ ಸಲ ಹಾಕಿಸಿಕೊಂಡೆ. ಆಮೇಲೆ ಬಡಿಸುತ್ತಿದ್ದವನನ್ನು, ದಿನಾ ಇಲ್ಲಿ ಎಷ್ಟು ಜನ ಉಣ್ಣುತ್ತಾರೆ ಎಂದು ಕೇಳಿದೆ.