ಗಣಿತದ ಸರ್ ಕೂಡ ಎರಡು ವರ್ಷ ಹಿಂದೆ

"ಅಣ್ಣಾ, ಪೂರ್ವಿಗೆ ಗಣಿತ ಬರೂದಿಲ್ಲಂತ." ಬ್ಯಾಡಗಿಯಿಂದ ತಂಗಿ ಸುಮಾ ಫೋನ್ ಮಾಡಿದ್ದಳು.

"ಯಾರ ಹೇಳಿದ್ರು?"

"ಟ್ಯಾಬ್ ಹೇಳೇತಿ."

ಪೂರ್ವಿ ಅವಳ ಮಗಳು. ಆರನೇ ಕ್ಲಾಸು. ಬಸ್ಸಿನಲ್ಲಿ ಕೂತರೆ ಎದುರು ಬರುವ ಲಾರಿಗಳ ನಂಬರುಗಳನ್ನೆಲ್ಲ ಬಾಯಲ್ಲೇ ಕೂಡಿಸುವ ಹುಡುಗಿ. ಅವಳಿಗೆ ಗಣಿತ ಬರುವುದಿಲ್ಲವೇ? ಭಾನುವಾರ ಹಾವೇರಿಯಿಂದ ಹೊರಟೇಬಿಟ್ಟೆ.

ಆಗಿದ್ದಿಷ್ಟು. ಯಾವುದೋ ಆನ್‌ಲೈನ್ ಟ್ಯೂಷನ್ ಕಂಪನಿಯವನು ಮನೆಗೆ ಬಂದು, "ಫ್ರೀ ಟೆಸ್ಟ್ ಐತ್ರಿ ಅಕ್ಕಾರ" ಎಂದು ಪೂರ್ವಿಯ ಕೈಗೆ ಟ್ಯಾಬ್ ಕೊಟ್ಟಿದ್ದ. ಇಪ್ಪತ್ತು ಪ್ರಶ್ನೆ. ಕೊನೆಗೆ ಕೆಂಪಕ್ಷರ: 'ನಿಮ್ಮ ಮಗು ಎರಡು ವರ್ಷ ಹಿಂದಿದೆ.' ಅದರ ಕೆಳಗೇ ಪರಿಹಾರ, ಅದೇ ಕಂಪನಿಯ ಕೋರ್ಸು. (ರೋಗವನ್ನೂ ಔಷಧವನ್ನೂ ಒಬ್ಬನೇ ಹೊತ್ತು ತಂದರೆ ನನಗೆ ಅನುಮಾನ.)

"ಯಾವ್ಯಾವ ಉತ್ತರ ತಪ್ಪಾಗ್ಯಾವ?" ತಂಗಿಯನ್ನು ಕೇಳಿದೆ.

"ಅದನ್ನ ಕೋರ್ಸ್ ತಗೊಂಡ ಮ್ಯಾಲ ತೋರಸ್ತಾರಂತ."

"ನಾ ದಡ್ಡಿ ಅದೇನಿ ಮಾಮಾ" ಎಂದಳು ಪೂರ್ವಿ. ಅಳಲಿಲ್ಲ. ಹಾಜರಿ ನಂಬರ್ ಹೇಳುವಷ್ಟು ಸಹಜವಾಗಿ ಹೇಳಿದಳು.

ತಾಯಿ-ಮಗಳಿಬ್ಬರನ್ನೂ ಕರೆದುಕೊಂಡು ಸೀದಾ ರಾಣೆಬೆನ್ನೂರಿಗೆ ಹೋದೆ, ನನಗೆ ಗಣಿತ ಕಲಿಸಿದ ಸರ್ ಮನೆಗೆ. ಅವರು ರಿಟೈರ್ ಆಗಿ ಎಷ್ಟೋ ವರ್ಷವಾಯಿತು. ನನ್ನ ಮೊಬೈಲಿನಲ್ಲಿ ಅದೇ ಕಂಪನಿಯ ಆ್ಯಪ್ ತೆರೆದು, ಆರನೇ ಕ್ಲಾಸು ಎಂದು ಹಾಕಿ ಕೊಟ್ಟೆ. ಸರ್ ಪೆನ್ಸಿಲ್ ಹಿಡಿದು ಒಂದೊಂದು ಲೆಕ್ಕವನ್ನೂ ಎರಡೆರಡು ಸಲ ಮಾಡಿ ಉತ್ತರ ಒತ್ತಿದರು.

ಬಂತು ಕೆಂಪಕ್ಷರ. 'ನಿಮ್ಮ ಮಗು ಎರಡು ವರ್ಷ ಹಿಂದಿದೆ.'

ನಾನು ನಕ್ಕೆ. ಸರ್ ನಗಲಿಲ್ಲ.

"ನಾನೂ ಹುಡುಗರಿಗೆ ದಡ್ಡ ಅಂದೇನಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಮರುದಿನ ಮತ್ತ ಅವರ ಮಾರಿ ನೋಡಬೇಕಾಗ್ತಿತ್ತು. ಇದಕ್ಕ ಆ ತ್ರಾಸ ಇಲ್ಲ ನೋಡಪಾ."

ಟ್ಯಾಬ್ ಬೇಡ ಎನ್ನುವವನಲ್ಲ ನಾನು. ಮೇಡ್ಲೇರಿಯಂಥ ಹಳ್ಳಿಯಲ್ಲಿ ಕುಳಿತ ಹುಡುಗಿಗೆ ಒಳ್ಳೆಯ ಪಾಠ ಮೊಬೈಲಿನಲ್ಲೇ ಸಿಕ್ಕರೆ ಯಾರಿಗೆ ಸಂತೋಷವಿಲ್ಲ? ಆದರೆ ಪಾಠ ಮಾರುವವನಿಗೆ ಚೆನ್ನಾಗಿ ಓದುವ ಮಗುವಿನಿಂದ ಏನು ಲಾಭ? ಮಗುವಿನಲ್ಲಿ ಏನಾದರೂ ಕಡಿಮೆ ಇರಲೇಬೇಕು. ಇಲ್ಲದಿದ್ದರೆ ಇದೆ ಎಂದು ತಾಯಿಯನ್ನು ನಂಬಿಸಬೇಕು.

ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ವಿ ಮೆಲ್ಲಗೆ ಕೇಳಿದಳು. "ಮಾಮಾ, ಸರ್‌ಗೇ ಬರೂದಿಲ್ಲಂದ್ರ ನನಗ ಹೆಂಗ ಬರತೈತಿ?"

ಟೆಸ್ಟೇ ಸುಳ್ಳು ಎಂದು ಅವಳಿಗೆ ಬ್ಯಾಡಗಿಯವರೆಗೂ ಬಿಡಿಸಿ ಹೇಳಿದೆ. ತಂಗಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳಿಗೂ ಅರ್ಥವಾಯಿತು ಅಂದುಕೊಂಡೆ.

ಗುರುವಾರ ಮತ್ತೆ ಫೋನ್. ಕೋರ್ಸಿಗೆ ಸೇರಿಸಿಬಿಟ್ಟಿದ್ದಳು.

"ಸರ್‌ಗ ವಯಸ್ಸಾಗೇತಿ ಅಣ್ಣಾ, ಎಲ್ಲೋ ತಪ್ಪಿರಬೇಕು. ಸುಳ್ಳ ಹೇಳಾಕ ಮಷೀನಿಗೇನು ಗರಜ ಐತಿ?"

ಮಷೀನಿಗೆ ಅಗತ್ಯವಿಲ್ಲ, ಒಪ್ಪಿದೆ. ಅದನ್ನು ಮನೆಗೆ ಕಳಿಸಿದವರಿಗೆ?